ಶಾಸಕರಿಗೆ ಮನವಿ ಬರೆಯುವ ಮುನ್ನ

ನಮ್ಮೂರಿನ ಹಳ್ಳಕ್ಕೊಂದು ಕಾಲುಸಂಕ ಬೇಕೆಂದು ನಾವು ಮೊದಲ ಸಲ ಶಾಸಕರಿಗೆ ಕೊಟ್ಟ ಮನವಿಯಲ್ಲಿ ಹನ್ನೊಂದು ಬೇಡಿಕೆಗಳಿದ್ದವು. ಸಂಕದ ವಿಷಯ ಆರನೆಯದಾಗಿತ್ತು. ಅದರ ಮೇಲೆ ರಸ್ತೆಯ ಡಾಂಬರು, ಕೆಳಗೆ ಅಂಗನವಾಡಿಯ ಹೆಂಚು. ಶಾಸಕರು ನಿಂತಲ್ಲೇ ಅದನ್ನು ತೆಗೆದುಕೊಂಡು, "ಮಾಡೋಣ" ಎಂದು ಆಪ್ತ ಸಹಾಯಕರ ಕೈಗಿತ್ತರು. ಅವರು ಮಡಚಿ, ಕಂಕುಳಲ್ಲಿದ್ದ ಕಾಗದದ ಕಟ್ಟಿಗೆ ಸೇರಿಸಿದರು. ಮನವಿ ಸಲ್ಲಿಸಿದ ಫೋಟೊ ಪತ್ರಿಕೆಯಲ್ಲಿ ಬಂದಿತು, ಮನವಿ ಮಾತ್ರ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ತಪ್ಪು ಹೆಚ್ಚಾಗಿ ನಮ್ಮದೇ ಎಂದು ಈಗ ಅನಿಸುತ್ತದೆ. ಶಾಸಕರು ಯಾವ ಕಡತಕ್ಕೂ ತಾವೇ ಮಂಜೂರಾತಿ ಕೊಡುವವರಲ್ಲ. ಅವರ ಕೈಯಲ್ಲಿರುವುದು ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ವಾರ್ಷಿಕ 2 ಕೋಟಿ ರೂಪಾಯಿಗೆ ಕಾಮಗಾರಿ ಸೂಚಿಸುವ ಅಧಿಕಾರ, ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯ ಅಧ್ಯಕ್ಷತೆ, ಇಲಾಖೆಗೆ ಬರೆಯುವ ಶಿಫಾರಸು ಪತ್ರ ಮತ್ತು ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು. ನಮ್ಮ ಬೇಡಿಕೆ ಇವುಗಳಲ್ಲಿ ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ನಾವೇ ತೀರ್ಮಾನಿಸಿಕೊಂಡು ಹೋಗದಿದ್ದರೆ "ಮಾಡೋಣ" ಎಂಬುದಕ್ಕಿಂತ ಹೆಚ್ಚಿನ ಉತ್ತರವನ್ನು ಅವರಾದರೂ ಹೇಗೆ ಕೊಡಬೇಕು?

ಎರಡನೆಯ ಸಲ ಒಂದೇ ಪುಟ ಬರೆದೆವು, ಒಂದೇ ಬೇಡಿಕೆ. ಹಳ್ಳ ಎಲ್ಲಿದೆ, ಮಳೆಗಾಲದಲ್ಲಿ ಅದನ್ನು ದಾಟುವ ಶಾಲಾ ಮಕ್ಕಳೆಷ್ಟು, ಬಳಸು ದಾರಿ ಎಷ್ಟು ದೂರ ಎಂಬ ಮೂರು ಸಂಗತಿಗಳ ಜೊತೆಗೆ ಗ್ರಾಮಸಭೆಯ ನಿರ್ಣಯದ ಪ್ರತಿ ಮತ್ತು ಆಷಾಢದ ನೆರೆಯಲ್ಲಿ ತೆಗೆದ ಒಂದು ಫೋಟೊ ಲಗತ್ತಿಸಿದೆವು. ನಿರ್ಣಯದ ಪ್ರತಿಯನ್ನು ಹಗುರವಾಗಿ ಕಾಣಬಾರದು. ಅದಿದ್ದರೆ ಬೇಡಿಕೆ ನಾಲ್ಕು ಮನೆಯವರದ್ದಲ್ಲ, ಊರಿನದ್ದೆಂದು ದಾಖಲೆಯೇ ಹೇಳುತ್ತದೆ. ನಮ್ಮ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕದಲಲಿಲ್ಲ. ಶಾಸಕರು ಅಂಚಿನಲ್ಲಿ "ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂದು ಬರೆದು ಸಹಿ ಹಾಕಿದರು. ಆ ಟಿಪ್ಪಣಿಯಿರುವ ಪ್ರತಿಯನ್ನು ನಾವೇ ಕಾರ್ಯಪಾಲಕ ಎಂಜಿನಿಯರರ ಕಚೇರಿಯ ಟಪಾಲಿಗೆ ಕೊಟ್ಟು ಕಡತದ ಸಂಖ್ಯೆ ಬರೆದುಕೊಂಡೆವು. ಮುಂದೆ ವಿಚಾರಿಸಲು ಹೋದಾಗಲೆಲ್ಲ ಊರಿನ ಹೆಸರಿಗಿಂತ ಆ ಸಂಖ್ಯೆಗೇ ಬೆಲೆಯಿತ್ತು. ಅಂದ ಹಾಗೆ, ಆಪ್ತ ಸಹಾಯಕರನ್ನು ದಾಟಿ ಹೋಗಬೇಕೆಂಬ ಹಟ ಅನಗತ್ಯ. ಯಾವ ಕಾಗದ ಯಾವ ದಿನ ಮೇಲೆ ಬರಬೇಕೆಂದು ಬಲ್ಲವರು ಅವರೇ.

ಇಲಾಖೆ ಸುಮ್ಮನಿದ್ದರೆ ಉಳಿಯುವ ದಾರಿ ಸದನ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸಬೇಕಾಗುತ್ತದೆ, ಅದರ ಮೇಲೆ ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ನನ್ನ ಮಟ್ಟಿಗೆ ಲಿಖಿತ ಉತ್ತರವೇ ಹೆಚ್ಚು ಉಪಯುಕ್ತ, ಏಕೆಂದರೆ ಅದನ್ನು ಮುಂದಿನ ಮನವಿಗೆ ಲಗತ್ತಿಸಬಹುದು. ಪ್ರಶ್ನೆಯನ್ನು ಅಧಿವೇಶನಕ್ಕೆ ಸಾಕಷ್ಟು ಮುಂಚೆ ನಾವೇ ಬರೆದು ಕೊಟ್ಟರೆ ಒಳ್ಳೆಯದು. ಆಡಳಿತ ಪಕ್ಷದ ಶಾಸಕರು ತಮ್ಮದೇ ಸಚಿವರನ್ನು ಪ್ರಶ್ನಿಸಲು ಹಿಂಜರಿಯುವುದುಂಟು. ಅಂಥ ಸಂದರ್ಭದಲ್ಲಿ ಜನ ಮರೆತೇಬಿಡುವ ವಿಧಾನ ಪರಿಷತ್ತು ನೆನಪಾಗಬೇಕು: ಅದರ 75 ಸದಸ್ಯರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ, ತಲಾ 7 ಮಂದಿ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಆರಿಸಿ ಬರುತ್ತಾರೆ. ನಮ್ಮ ಗ್ರಾಮ ಪಂಚಾಯಿತಿ ಸದಸ್ಯರ ಮತ ಕೇಳಿ ಗೆದ್ದವರ ಬಳಿಗೆ ಅದೇ ಪಂಚಾಯಿತಿ ಸದಸ್ಯರನ್ನು ಮುಂದಿಟ್ಟುಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ.

ನಮ್ಮ ಸಂಕದ ಅಂದಾಜು ಪಟ್ಟಿ ತಯಾರಾಗಿದೆ, ಟೆಂಡರ್ ಆಗಿಲ್ಲ. ಕಿರಿಯ ಎಂಜಿನಿಯರರು ಬಂದು ಟೇಪು ಹಿಡಿದು ಅಳತೆ ಮಾಡಿಕೊಂಡು ಹೋದ ಜಾಗದಲ್ಲೇ, ಅಡಿಕೆ ಮರದ ಹಳೆಯ ಸಂಕಕ್ಕೆ ಈ ಮಳೆಗಾಲಕ್ಕೂ ಹೊಸ ಹಗ್ಗ ಬಿಗಿದಿದ್ದೇವೆ.