ಅಪ್ಪನ ಫೋನಿನಿಂದ ನಾನು ಹೊರಬಿದ್ದೆ

ಅಪ್ಪನ ಫೋನಿನಲ್ಲಿ ಅವನ ಸ್ವಂತ ಅಣ್ಣನ ಹೆಸರು ‘ದೊಡ್ಡಪ್ಪ’ ಅಂತಿತ್ತು. ಹೆಂಡತಿ ‘ಅಮ್ಮ’. 2019ರಲ್ಲಿ ನನ್ನ ಹಳೇ ಆಂಡ್ರಾಯ್ಡ್ ಫೋನನ್ನು ಸಾಗರಕ್ಕೆ ಒಯ್ದು ಕೊಟ್ಟಾಗ ನನ್ನ ಗೂಗಲ್ ಖಾತೆಯನ್ನು ತೆಗೆಯಲಿಲ್ಲ. ನೆಂಟರ ನಂಬರೆಲ್ಲ ಅದರಲ್ಲೇ ಸಿಕ್ಕಿತಲ್ಲ ಅಂತ ಅವನಿಗೂ ಖುಷಿ.

ಆಗ ಗೂಗಲ್ ಫೋಟೋಸ್‌ನಲ್ಲಿ ಫೋಟೋಗಳನ್ನು ಸ್ವಲ್ಪ ಕುಗ್ಗಿಸಿ ಇಟ್ಟರೆ ಜಾಗದ ಲೆಕ್ಕವೇ ಇರಲಿಲ್ಲ. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಖಾತೆಯ ಉಚಿತ 15 ಜಿಬಿ ಜಾಗದ ಲೆಕ್ಕಕ್ಕೆ ಬಂದವು, 2024ರಲ್ಲಿ ವಾಟ್ಸಾಪ್ ಬ್ಯಾಕಪ್ಪೂ ಬಂತು. ಅಪ್ಪನ ತಾಳಮದ್ದಳೆ ಗ್ರೂಪಿನ ವಿಡಿಯೋಗಳು ಸೇರಿ ಜಾಗ ಭರ್ತಿಯಾಗಿ, ನನ್ನ ಜಿಮೇಲ್‌ಗೆ ಮೇಲ್ ಬರುವುದೇ ನಿಂತಿತು. ಇನ್ನೊಂದು ತಮಾಷೆ: ನಾನು ಬೆಂಗಳೂರಿನಲ್ಲಿ ಹೊಸ ಲ್ಯಾಪ್‌ಟಾಪಿನಿಂದ ಲಾಗಿನ್ ಆದರೆ ‘ನೀವೇನಾ?’ ಅನ್ನುವ ಪ್ರಶ್ನೆ ಅಪ್ಪನ ಫೋನಿಗೂ ಹೋಗುತ್ತಿತ್ತು. ಅವನು ಪ್ರಾಮಾಣಿಕವಾಗಿ ‘ಅಲ್ಲ’ ಒತ್ತುತ್ತಿದ್ದ. ಒತ್ತಬೇಕಾದ್ದೂ ಅದೇ ಅನ್ನಿ.

ಇಬ್ಬರ ಖಾತೆ ಬೇರೆ ಮಾಡಲು ಕೂತಾಗ ನಾನು ಹಿಡಿದ ಹಟ ಒಂದೇ: ಹಳೇ ಖಾತೆ ತೆಗೆಯುವುದು ಕಟ್ಟಕಡೆಗೆ. ಮೊದಲೇ ತೆಗೆದರೆ ಅದರಲ್ಲಿರುವ ನಂಬರುಗಳೆಲ್ಲ ಫೋನಿನಿಂದ ಮಾಯ. ಅಪ್ಪನಿಗೆ ಹೊಸ ಖಾತೆ ಮಾಡಿ ಅದೇ ಫೋನಿಗೆ ಸೇರಿಸಿದೆ. ರಿಕವರಿಗೆ ಅವನ ನಂಬರು, ನನ್ನ ಇಮೇಲ್. ಪಾಸ್‌ವರ್ಡ್ ಅವನ ಅಡಿಕೆ ಲೆಕ್ಕದ ಡೈರಿಯಲ್ಲಿದೆ. ಬರೆದಿಡಬಾರದು ಅನ್ನುವವರು ನಮ್ಮನೆಗೆ ಬಂದು ಹುಡುಕಿ ನೋಡಲಿ.

ಹೊತ್ತು ತಿಂದದ್ದು ಕಾಂಟ್ಯಾಕ್ಟುಗಳು. ಕಂಪ್ಯೂಟರಿನಲ್ಲಿ ಅವನಿಗೆ ಬೇಕಾದವಕ್ಕೆ ಮಾತ್ರ ಒಂದು ಲೇಬಲ್ ಹಾಕಿ, ಅಷ್ಟನ್ನೇ ವಿಸಿಎಫ್ (ಕಾಂಟ್ಯಾಕ್ಟುಗಳನ್ನು ಒಯ್ಯುವ) ಫೈಲಾಗಿ ಇಳಿಸಿ, ಹೊಸ ಖಾತೆಗೆ ಏರಿಸಿದೆ. ಆಮೇಲೆ ಜಗಲಿಯಲ್ಲಿ ಕೂತು ಒಂದೊಂದೇ ಹೆಸರು ತಿದ್ದಿದೆವು. ದೊಡ್ಡಪ್ಪ ‘ಅಣ್ಣಯ್ಯ’ ಆದ. ‘ಅಮ್ಮ’ನನ್ನು ಏನಂತ ಬರೆಯಲಿ ಅಂದರೆ ಅಪ್ಪ ಸುಮಾರು ಹೊತ್ತು ಯೋಚಿಸಿ, “ಮನೆ ಅಂತ ಹಾಕು ಕೂಸೇ” ಅಂದ. ತೀರಿಕೊಂಡವರ ನಂಬರುಗಳನ್ನು ತೆಗೆಯಲು ಮಾತ್ರ ಬಿಡಲಿಲ್ಲ.

ವಾಟ್ಸಾಪ್ ನಡೆಯುವುದು ಫೋನ್ ನಂಬರಿನ ಮೇಲೆ, ಹಾಗಾಗಿ ಸಲೀಸು. ಚಾಟ್ ಬ್ಯಾಕಪ್ ಸೆಟ್ಟಿಂಗಿನಲ್ಲಿ ಗೂಗಲ್ ಖಾತೆ ಬದಲಿಸಿ ಹೊಸದಾಗಿ ಬ್ಯಾಕಪ್ ತೆಗೆದೆ. ಯುಪಿಐಗೆ ಬೇಕಾದ್ದು ಸಿಮ್ಮು ಮತ್ತು ಬ್ಯಾಂಕಿಗೆ ಕೊಟ್ಟ ನಂಬರು. ಅವನ ಫೋನ್‌ಪೇಗೆ ಕೈಹಚ್ಚುವ ಅಗತ್ಯವೇ ಬೀಳಲಿಲ್ಲ. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ನಿಘಂಟಿನ ಆ್ಯಪ್ ಒಂದಿತ್ತು, ಹೋಯಿತು.

ಅವನ ಫೋಟೋಗಳನ್ನೆಲ್ಲ ಹಂಚಿಕೆಯ ಆಲ್ಬಮ್ಮಿಗೆ ಹಾಕಿ, ಅವನ ಖಾತೆಯಲ್ಲಿ ಸೇವ್ ಮಾಡಿಸಿದೆ. ಹಂಚಿದ ಮಾತ್ರಕ್ಕೆ ಅವನದಾಗುವುದಿಲ್ಲ, ನಾನು ಅಳಿಸಿದರೆ ಅಲ್ಲೂ ಹೋಗುತ್ತದೆ. ಸೇವ್ ಮಾಡಿದರೆ ಮಾತ್ರ ಅವನ ಪ್ರತಿ ಬೇರೆ. ಫೋನಿನಿಂದ ನನ್ನ ಖಾತೆ ತೆಗೆದ ಮೇಲೆಯೇ ನನ್ನ ಕಡೆ ಅಳಿಸಲು ಶುರುಮಾಡಿದ್ದು. ಅಳಿಸಿದ್ದು 60 ದಿನ ಕಸದಬುಟ್ಟಿಯಲ್ಲಿ ಇರುತ್ತದೆ.

ಯೂಟ್ಯೂಬ್ ಈಗಲೂ ನನಗೆ ಅಡಿಕೆ ಧಾರಣೆ ಹೇಳುತ್ತಿದೆ. ಹಿಸ್ಟರಿ ಅಳಿಸಿದರೆ ಸರಿಹೋಗುತ್ತದೆ, ಗೊತ್ತು. ಸದ್ಯಕ್ಕೆ ಇರಲಿ, ರಾಶಿ ಅಡಿಕೆಗೆ ರೇಟು ಏರುತ್ತಿದೆ.