ಗೋಡೆಯಾಚೆ ಕೌಂಡಿನ್ಯ

25 ಮೇ 2025, ಭಾನುವಾರ
ಅಂಕೋಲಾ

ಈ ಸಲ ಮಳೆ ಜೂನಿಗೂ ಕಾಯಲಿಲ್ಲ. ಜೂನ್ 1ರಿಂದ ಹೇಗೂ ಯಾಂತ್ರಿಕ ಬೋಟುಗಳಿಗೆ ಎರಡು ತಿಂಗಳ ರಜೆ. ಅದಕ್ಕೂ ಮೊದಲೇ ದೋಣಿಗಳೆಲ್ಲ ದಂಡೆ ಹತ್ತಿವೆ.

ಬುಧವಾರ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ನೌಕಾಪಡೆಗೆ ಸೇರಿತಲ್ಲ, ಅದರ ಫೋಟೊ ಬಂದ ಪೇಪರ್ ಹಿಡಿದು ಹಾರವಾಡದ ಮಾವನ ಮನೆಗೆ ಹೋಗಿದ್ದೆ. ಮೊಳೆಯಿಲ್ಲದ ಹಡಗು ಅದು. ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹುರಿಯಲ್ಲಿ ಹೊಲಿದಿದ್ದಾರೆ. ಅಜಂತಾ ಗುಹೆಯ ಚಿತ್ರದಲ್ಲಿರುವ 5ನೇ ಶತಮಾನದ ಹಡಗು ಮಾದರಿ. ಅಂಥ ಹಡಗಿನ ನಕ್ಷೆ ಎಲ್ಲೂ ಉಳಿದಿಲ್ಲ. ಚಿತ್ರ ನೋಡಿಯೇ ಅಳತೆ ಊಹಿಸಿ, ಮದ್ರಾಸ್ ಐಐಟಿಯವರ ಜೊತೆ ಪರೀಕ್ಷೆ ನಡೆಸಿ, ಗೋವಾದಲ್ಲಿ ಕಟ್ಟಿದರು. ಹೊಲಿದವರು ಕೇರಳದ ಕುಶಲಕರ್ಮಿಗಳು. ಹಾಯಿಯ ಮೇಲೆ ಗಂಡಭೇರುಂಡ ಇದೆಯೆಂದು ವಾಟ್ಸಾಪಿನಲ್ಲಿ ನಮ್ಮವರ ಸಂಭ್ರಮವೋ ಸಂಭ್ರಮ.

ಮಾವ ಗಂಡಭೇರುಂಡದ ಕಡೆ ನೋಡಲೇ ಇಲ್ಲ. “ಹೊಲಿಗೆ ಒಳಬದಿಗೆ ಕಾಣ್ತದೋ, ಹೊರಬದಿಗೋ?” ಅಂದರು. ಫೋಟೊದಲ್ಲಿ ಅದು ಎಲ್ಲಿ ಕಾಣಬೇಕು!

ಅವರು ರಾಂಪಣಿ (ದಂಡೆಗೆ ಎಳೆಯುವ ದೊಡ್ಡ ಬಲೆ) ದೋಣಿಯಲ್ಲೇ ಬೆಳೆದವರು. ಅದೂ ಹೊಲಿದ ದೋಣಿಯೇ. ದೋಣಿ ಹೊಲಿಯುವಾಗ ಒಳಗೊಬ್ಬ, ಹೊರಗೊಬ್ಬ ಕೂರಬೇಕು. ಹಲಗೆಯ ಅಂಚಿಗೆ ತೂತು ಕೊರೆದು, ಸಂದಿಯ ಮೇಲೆ ನಾರಿನ ಕಟ್ಟು ಇಟ್ಟು, ಹುರಿ ಎಳೆದು ಬಿಗಿಯಬೇಕು. ಆಮೇಲೆ ತಾರ್ಲೆ ಮೀನಿನ ಎಣ್ಣೆ ಬಳಿಯಬೇಕು. ಆ ನಾತ ದೋಣಿಗೂ ಊರಿಗೂ ಒಂದೇ. ದೋಣಿ ನಿಲ್ಲಿಸುವ ಧಕ್ಕೆಯಿಲ್ಲದ ಊರಿಗೆ ಇಂಥ ದೋಣಿಯೇ ಸರಿ. ತೆರೆ ಎತ್ತಿ ಮರಳಿಗೆ ಕುಕ್ಕಿದರೆ ಮೊಳೆ ಹೊಡೆದ ದೋಣಿ ಬಿರಿಯುತ್ತದೆ, ಹೊಲಿದದ್ದು ತುಸು ಬಾಗಿ ತಡೆದುಕೊಳ್ಳುತ್ತದೆ. ಒಂದು ಹಲಗೆ ಕೆಟ್ಟರೆ ಹೊಲಿಗೆ ಬಿಚ್ಚಿ ಅದೊಂದನ್ನೇ ಬದಲಿಸಬಹುದು.

ಆಗ ಬಂಗಡೆ ಹಿಂಡು ಬಂದರೆ ನೀರಿನ ಬಣ್ಣವೇ ಬೇರೆಯಾಗುತ್ತಿತ್ತಂತೆ. ದೋಣಿ ಬಲೆ ಬಿಡುತ್ತ ಅರ್ಧ ಸುತ್ತು ಹಾಕಿ ಬಂದರೆ, ದಂಡೆಯಲ್ಲಿ ಊರಿಗೆ ಊರೇ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು, ಹಿಂಡನ್ನು ಸಮುದ್ರದಲ್ಲೇ ಸುತ್ತಿ ಎತ್ತಿದವು. ದಂಡೆಗೆ ಮೀನು ಬಾರದೆ ರಾಂಪಣಿ ಹೋಯಿತು, ಅದರ ಹಿಂದೆಯೇ ಆ ದೋಣಿಯೂ. ಈಗ ಎಲ್ಲಿ ನೋಡಿದರೂ ಫೈಬರ್.

ನಮ್ಮ ಜಿಲ್ಲೆಯಲ್ಲಿ ಕಡಲಿನ ಪರಂಪರೆ ಅಂದರೆ ಸದಾಶಿವಗಡ, ಮಿರ್ಜಾನ್ ಕೋಟೆ, ಇಲ್ಲವೇ ಟ್ಯಾಗೋರ್ ಕಡಲತೀರದ ಚಪಲ್ ಯುದ್ಧನೌಕೆ. ಎಲ್ಲವೂ ರಾಜನದ್ದು ಅಥವಾ ಸರ್ಕಾರದ್ದು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದರು, ಕಾಳುಮೆಣಸಿನ ಆಸೆಗೆ. ಮುಂದೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತಿ, ‘ಕುಮಟಾ ಹತ್ತಿ’ ಎಂಬ ಹೆಸರಲ್ಲೇ ಇಂಗ್ಲೆಂಡಿಗೆ ಹೋಯಿತು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂದದ್ದೇ ತಡ, ವ್ಯಾಪಾರ ಅತ್ತ ತಿರುಗಿತು. ಆ ಸರಕನ್ನೆಲ್ಲ ಹೊತ್ತ ಮಚವೆ ಎಂಬ ಹಾಯಿದೋಣಿಗಳಲ್ಲಿ ಒಂದನ್ನಾದರೂ ಜೋಪಾನ ಮಾಡಿ ಇಟ್ಟದ್ದನ್ನು ನಾನಂತೂ ಎಲ್ಲೂ ನೋಡಿಲ್ಲ.

ಕೌಂಡಿನ್ಯ ಕಟ್ಟಿದ್ದು ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲೆಯ ಗೋಡೆ ದಾಟಿ ಮಾವ ಅದನ್ನು ನೋಡುವಂತಿಲ್ಲ. ಅವರು ಹುಟ್ಟಿದ ಮನೆ ಇದ್ದದ್ದೂ ಈಗ ಅದೇ ಗೋಡೆಯ ಒಳಗಾದ ಜಾಗದಲ್ಲಿ, ನೌಕಾನೆಲೆಗೆ ಹೋದ ಅರಗಾ ಊರಲ್ಲಿ. ಒಂದು ಹಳೇ ದೋಣಿಯನ್ನು ಗಾಜಿನ ಕೋಣೆಯಲ್ಲಿ ಇಡುವುದಕ್ಕಿಂತ ವರ್ಷಕ್ಕೊಂದು ದೋಣಿಯನ್ನು ದಂಡೆಯಲ್ಲೇ ಹೊಲಿಸಿ, ಕಲಿಯುವ ಹುಡುಗರಿಗೆ ಕೂಲಿ ಕೊಡುವುದು ಮೇಲು. ಕೂಲಿಯಿಲ್ಲದೆ ಯಾರು ಕಲಿಯುತ್ತಾರೆ? ಮಾವನ ಮಗ ಮಲ್ಪೆ ಬೋಟಿಗೆ ಹೋಗುತ್ತಾನೆ, ಅವನಿಗೆ ಸಂಸಾರವಿದೆ. ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಡುವುದರಲ್ಲಿ ಮಾತ್ರ ನಾವು ಗಟ್ಟಿಗರು.

“ಹೊಲಿದು ತೋರ್ಸಿ ಮಾವ, ವಿಡಿಯೊ ಮಾಡ್ಕಳ್ತೆ” ಅಂದೆ.

“ಹುರಿ ಎಷ್ಟು ಬಿಗಿ ಅಂತ ನಿನ್ನ ವಿಡಿಯೊ ಹೇಳ್ತದಾ? ಹೊರಬದಿಗೆ ನೀನೇ ಕೂತ್ಕೋ.”

ಎರಡು ಹಳೆ ಹಲಗೆ ಅಟ್ಟದಲ್ಲಿವೆ. ಹುರಿ ನಾನು ತರಬೇಕು. ಅಂಗಡಿಯ ಮಿಷನ್ ಹುರಿ ನಡೆಯದಂತೆ, ಕೈಯಲ್ಲಿ ಹೊಸೆದದ್ದೇ ಬೇಕಂತೆ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ದುಡ್ಡು ಕೊಟ್ಟೇ ಒಯ್ಯುತ್ತೇನೆ.