ಮೂರನೇ ರೀಲಿನಲ್ಲಿ ದೆವ್ವ ಬಂತು

ಬಂತು! ವಾಲ್ಟ್ಸ್‌ನ (ಮೂರು ಪೆಟ್ಟಿನ ತಾಳದ ನೃತ್ಯಸಂಗೀತ) ಎಂಟು ಬಾರ್, ಅಂದರೆ ಎಂಟು ಆವರ್ತ, ಮುಗಿದು, ಒಂಬತ್ತನೆಯದರ ಮೊದಲ ಪೆಟ್ಟಿಗೆ ಸರಿಯಾಗಿ ಪಿಯಾನೋ ಪಕ್ಕ ಹುಡುಗಿ ಮೂಡಿದಳು. ಅವಳ ಮೈಯೊಳಗಿಂದ ಹಿಂದಿನ ಕಿಟಕಿ ಕಾಣುತ್ತಿತ್ತು. ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆದು ಮಾಡಿದ ದೆವ್ವ ಇದು. ನಾಲ್ಕು ಸಲ ಹಾಕಿ ನೋಡಿದೆ.

ಇದೆಲ್ಲ ಶುರುವಾಗಿದ್ದು 1929ರ ‘ಸೆಯ್ ದೆ ಇ ತೂನೆರ್’ನಿಂದ. ಸ್ವೀಡನ್ನಿನ ಮೊದಮೊದಲ ಧ್ವನಿಚಿತ್ರಗಳಲ್ಲಿ ಒಂದು. ಹೆಸರೇ ‘ಸ್ವರದಲ್ಲಿ ಹೇಳು’ ಅಂತ. ಎಡ್ವಿನ್ ಆಡೋಲ್ಫ್‌ಸೋನ್ ಜೊತೆ ಅದನ್ನು ನಿರ್ದೇಶಿಸಿದವರು ಯೂಲಿಯಸ್ ಯೆನ್ಸೋನ್. 1921ರ ಮೂಕಿಚಿತ್ರ ‘ಶೋರ್ಕಾರ್ಲೆನ್’ನಲ್ಲಿ ಸಾವಿನ ಗಾಡಿಯನ್ನು ಸಮುದ್ರದ ಮೇಲೆ ಓಡಿಸಿದ ಕ್ಯಾಮೆರಾಮನ್ ಅವರೇ ಅಲ್ವಾ? ಅವರ ದೆವ್ವ ಸುಮ್ನೆ ಪರದೆಗೆ ಅಂಟಿಸಿದ ಹಾಗಿರುವುದಿಲ್ಲ. ಕೋಣೆಯೊಳಗೆ ನಡೆದಾಡುತ್ತದೆ. ಆ ದೆವ್ವವನ್ನೂ ವಾಲ್ಟ್ಸನ್ನೂ ಒಂದೇ ಶಾಟ್‌ನಲ್ಲಿ ಸೇರಿಸಬೇಕು ಅನ್ನುವುದು ನನ್ನ ಆಸೆ.

ತಾಳದ ಲೆಕ್ಕ ಸುಲಭ. ನಿಮಿಷಕ್ಕೆ 180 ಪೆಟ್ಟು ಅಂದರೆ ಮೂರು ಪೆಟ್ಟಿನ ಒಂದು ಬಾರ್‌ಗೆ ಒಂದು ಸೆಕೆಂಡ್, 24 ಫ್ರೇಮ್; ಎಂಟು ಬಾರ್‌ಗೆ 192. ಬೋಲೆಕ್ಸ್ ಫಿಲ್ಮ್ ಕ್ಯಾಮೆರಾದಲ್ಲಿ ಮೊದಲು ಕೋಣೆಯನ್ನು ಚಿತ್ರಿಸಿ, ರೀಲನ್ನು ಸೊನ್ನೆಗೆ ಹಿಂದಕ್ಕೆ ಸುತ್ತಿ, ಲೆನ್ಸಿಗೆ ಮುಚ್ಚಳ ಹಾಕಿ 192ರವರೆಗೆ ಓಡಿಸಿ, ಮುಚ್ಚಳ ತೆಗೆದು ಕಪ್ಪು ಬಟ್ಟೆಯ ಮುಂದೆ ನಿಂತ ಹುಡುಗಿಯನ್ನು ಅದೇ ಫಿಲ್ಮಿನ ಮೇಲೆ ಚಿತ್ರಿಸಿದರೆ ಆಯಿತು.

ಕಾಡಿದ್ದು ಆ ಕಪ್ಪು ಬಟ್ಟೆ. ಅದು ನಿಜಕ್ಕೂ ಕಪ್ಪಾಗಿದ್ದರೆ ಮಾತ್ರ ಮೊದಲು ತೆಗೆದ ಕೋಣೆ ಹಾಗೇ ಉಳಿಯುತ್ತದೆ. ಮೊದಲ ಎರಡು ರೀಲಿನಲ್ಲಿ ಹುಡುಗಿ ಬಂದ ಕೂಡಲೇ ಇಡೀ ಕೋಣೆಗೆ ಬೂದಿ ಎರಚಿದ ಹಾಗಾಗುತ್ತಿತ್ತು. ಲ್ಯಾಬನ್ನು ಬೈದೆ, ಲೆನ್ಸ್ ಒರೆಸಿದೆ, ಲೈಟ್ ಲೀಕ್ ಹುಡುಕಿದೆ. ಕೊನೆಗೆ ಒಂದೊಂದೇ ಜಾಗದ ಬೆಳಕು ಅಳೆಯುವ ಸ್ಪಾಟ್ ಮೀಟರ್ ಹಿಡಿದೆ: ಬಟ್ಟೆ ಅವಳ ಮುಖಕ್ಕಿಂತ ಮೂರೇ ಸ್ಟಾಪ್ ಕೆಳಗೆ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ)! ಮಖಮಲ್ ಅಂತ ಅಂಗಡಿಯವರು ಕೊಟ್ಟದ್ದು ಪಾಲಿಯೆಸ್ಟರ್. ಕಣ್ಣಿಗೆ ಕಪ್ಪು, ದೀಪ ಬಿದ್ದರೆ ಹೊಳಪು. ಎರಡು ರೀಲಿನ ದುಡ್ಡು ಹೋಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಈ ಸಲ ಹತ್ತಿಯ ಮಖಮಲ್ ತಂದೆ. ಕೆಳಗಿಂದ ಮೇಲಕ್ಕೆ ಸವರಿದರೆ ನುಣ್ಣಗಾಗುವ ಹಾಗೆ ತೂಗುಹಾಕಿದೆ. ತಿರುಗಿಸಿ ಹಾಕಿ ನೋಡಿ, ಅದೇ ಬಟ್ಟೆ ಬೆಳ್ಳಗಾಗುತ್ತದೆ. ಹುಡುಗಿಯನ್ನು ಬಟ್ಟೆಯಿಂದ ಮೂರು ಮೀಟರ್ ಮುಂದೆ ನಿಲ್ಲಿಸಿದೆ. ದೀಪ ಎರಡೂ ಪಕ್ಕದಿಂದ ಮಾತ್ರ, ಬಟ್ಟೆಯ ಕಡೆಗೆ ರಟ್ಟಿನ ತಡೆ. ಈಗ ಏಳು ಸ್ಟಾಪ್ ವ್ಯತ್ಯಾಸ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಒಂದೇ ಕಡೆ ತೂತಿರುವ 16 ಎಂಎಂ ಫಿಲ್ಮಿನ ಇನ್ನೊಂದು ಅಂಚಿನಲ್ಲಿ, ಪ್ರೊಜೆಕ್ಟರ್ ಬೆಳಕು ಹಾಯಿಸಿ ಶಬ್ದ ಓದುವ ಸೌಂಡ್‌ಟ್ರ್ಯಾಕ್ ಇರುವ ಜಾಗದಲ್ಲಿ, ಇಂಡಿಯನ್ ಇಂಕಿನಲ್ಲಿ ಗೆರೆ ಎಳೆದು ಸ್ವರ ಹೊರಡಿಸಬೇಕು. ಸೆಕೆಂಡಿಗೆ 440 ಗೆರೆ ಎಳೆದರೆ ಒಂದು ‘ಎ’ ಸ್ವರ. ಕೈಯಲ್ಲಿ ಆಗದ ಮಾತು, ಮುದ್ರೆ ಒತ್ತಬೇಕೇನೋ. ಯಾರಾದರೂ ಮಾಡಿದ್ದರೆ ಹೇಳಿ.

ಅದಕ್ಕೂ ಮುಂಚೆ ನಾಲ್ಕನೇ ರೀಲು. ಹುಡುಗಿ ಪಿಯಾನೋ ಹಿಂದಿನಿಂದ ನಡೆದು ಬರಬೇಕು. ಅಂದರೆ ಅವಳನ್ನು ಚಿತ್ರಿಸುವಾಗ ಮರೆಮಾಡಲು ಪಿಯಾನೋ ಆಕಾರದ್ದೇ ಕಪ್ಪು ರಟ್ಟು, ಅದೇ ಅಳತೆ, ಅದೇ ಜಾಗ. ಟ್ರೈಪಾಡ್ ಕಾಲುಗಳ ಸುತ್ತ ಸೀಮೆಸುಣ್ಣದ ಗುರುತು ಇನ್ನೂ ಇದೆ. ಮನೆಯವರಿಗೆ ಆ ಮೂಲೆ ಗುಡಿಸಬೇಡಿ ಅಂದಿದ್ದೇನೆ.